ಅರವತ್ತು ಮಾತು, ಒಂದು ಮೈಕು: ಡ್ರಮ್ ಕೋರ್ ಶೋನಲ್ಲಿ ಜನರನ್ನು ನಗಿಸಿದ ನನ್ನ ಅನುಭವ

ಡ್ರಮ್ ಕೋರ್ ಅಂದರೆ ಬ್ರಾಸ್, ಡ್ರಮ್ ನುಡಿಸುತ್ತಾ ಫುಟ್‌ಬಾಲ್ ಮೈದಾನದಲ್ಲಿ ನಡೆದು ಶೋ ಕೊಡುವ, ಅಂಕಕ್ಕೆ ಸ್ಪರ್ಧಿಸುವ ಮಾರ್ಚಿಂಗ್ ತಂಡ. ಅಂಥ ಶೋನಲ್ಲಿ ಮೈಕ್ ಹಾಕಿ ಮಾತಾಡಿದರೆ ಜನ ಎದ್ದು ಪಾಪ್‌ಕಾರ್ನ್ ತರೋಕೆ ಹೋಗ್ತಾರೆ. ಇದನ್ನು ನನಗೆ ಹೇಳದವರೇ ಇಲ್ಲ. ಬ್ರಾಸ್ ಕಲಿಸುವವರು ಹೇಳಿದರು, ಡ್ರಿಲ್, ಅಂದರೆ ಮೈದಾನದ ಮೇಲಿನ ನಡಿಗೆ, ಬರೆಯುವವರು ಹೇಳಿದರು, ಕೋರ್ ನಡೆಸುವ ಬೋರ್ಡಿನವರಂತೂ ಈಮೇಲ್‌ನಲ್ಲೇ ಬರೆದು ಕಳಿಸಿದರು. ಆಗಸ್ಟ್ ಹೊತ್ತಿಗೆ ನಮ್ಮ ಶೋನಲ್ಲಿ ಜನ ನಾಲ್ಕು ಕಡೆ ನಗುತ್ತಿದ್ದರು. ಶೋ ನೋಡುತ್ತಲೇ ಅಭಿಪ್ರಾಯ ರೆಕಾರ್ಡ್ ಮಾಡುವ ಜಡ್ಜ್ ಒಬ್ಬರು ಆ ರೆಕಾರ್ಡಿಂಗ್‌ನಲ್ಲೇ ನಕ್ಕು, ಏನು ಹೇಳಬೇಕೆಂದಿದ್ದರೋ ಅದನ್ನೇ ಮರೆತರು. ಆ ಫೈಲ್ ನನ್ನ ಫೋನಿನಲ್ಲಿದೆ. ಕೇಳಿದವರಿಗೆ ಹಾಕಿ ಕೇಳಿಸುತ್ತೇನೆ. ಕೇಳದವರಿಗೂ ಕೇಳಿಸುತ್ತೇನೆ.

ಕನ್ನಡ ಕೂಟದ ನಾಟಕಗಳಿಗೆ ಸೌಂಡ್ ಮಾಡುವ, ಮಕ್ಕಳನ್ನು ಮಾರ್ಚಿಂಗ್ ಬ್ಯಾಂಡಿಗೆ ಸೇರಿಸಿರುವ ಅಮೆರಿಕದ ಗೆಳೆಯರು "ಹೇಗೆ ಮಾಡಿದ್ರಿ?" ಅಂತ ಕೇಳುತ್ತಲೇ ಇದ್ದಾರೆ. ಅವರಿಗಾಗಿ ಇದು. ಮಿಕ್ಸರ್, ಕಂಪ್ರೆಸರ್ ಅಂದರೇನು ಅಂತ ವಿವರಿಸುತ್ತಾ ಕೂರಲ್ಲ. ನಮ್ಮದು ಮಿಡ್‌ವೆಸ್ಟ್‌ನ ಒಂದು ಚಿಕ್ಕ ಓಪನ್ ಕ್ಲಾಸ್ (ಚಿಕ್ಕ ತಂಡಗಳ ವಿಭಾಗದ) ಕೋರ್. ಎಂಬತ್ತು ತೊಂಬತ್ತು ಮಕ್ಕಳು. ಮಗಳು ಪಿಟ್‌ನಲ್ಲಿ, ಅಂದರೆ ಮೈದಾನದ ಮುಂದೆ ನಿಂತಲ್ಲೇ ನುಡಿಸುವವರ ಸಾಲಿನಲ್ಲಿ, ಮರದ ಪಟ್ಟಿಗಳ ಮರಿಂಬಾ ನುಡಿಸುತ್ತಾಳೆ. ಅವಳನ್ನು ಚಳಿಗಾಲದ ಕ್ಯಾಂಪಿಗೆ ಬಿಡೋಕೆ ಹೋದವನು ಕೇಬಲ್ ಸುತ್ತುತ್ತಾ ಅಲ್ಲೇ ಉಳಿದುಬಿಟ್ಟೆ.

ಮೈಕ್ ಅಂದರೆ ಈ ಜನ ಯಾಕೆ ಹೆದರುತ್ತಾರೆ ಅನ್ನೋದಕ್ಕೆ ಕಾರಣ ಇದೆ. ಈ ಸ್ಪರ್ಧೆಗಳನ್ನು ನಡೆಸುವ ಡಿಸಿಐನಲ್ಲಿ (ಡ್ರಮ್ ಕೋರ್ಸ್ ಇಂಟರ್‌ನ್ಯಾಷನಲ್) ಆಂಪ್ಲಿಫಿಕೇಶನ್‌ಗೆ ಅನುಮತಿ ಸಿಕ್ಕಿದ್ದು 2004ರ ಸೀಸನ್‌ನಿಂದ. ಸಿಂತ್, ಸ್ಯಾಂಪ್ಲರ್‌ನಂಥ ಎಲೆಕ್ಟ್ರಾನಿಕ್ ವಾದ್ಯ ಎಲ್ಲ ಬಂದದ್ದು 2009ರಲ್ಲಿ. ಮೊದಮೊದಲು ಮೈಕ್ ಸಿಕ್ಕಿದ್ದೇ ತಡ, ಕೆಲವರು ಮಾತಾಡಿದ್ದೇ ಮಾತಾಡಿದ್ದು. 2006, 2007ರಲ್ಲಿ ಕೆಡೆಟ್ಸ್ ಅನ್ನೋ ಕೋರ್‌ನ ಶೋಗಳ ನಿರೂಪಣೆ ಕೇಳಿ ಸಿಡುಕಿದ ಅಭಿಮಾನಿಗಳು ಇವತ್ತಿಗೂ ಆ ಮಾತು ಬಂದರೆ ಮುಖ ಸಿಂಡರಿಸುತ್ತಾರೆ. ಹಾಗಂತ ಹಾಸ್ಯ ಈ ಮೈದಾನಕ್ಕೆ ಹೊಸದಲ್ಲ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾದ ಅನಾಹೈಮ್‌ನ ವೆಲ್ವೆಟ್ ನೈಟ್ಸ್ ಕೋರ್ ಅದಕ್ಕೇ ಹೆಸರಾಗಿತ್ತು. ಅದಕ್ಕೂ ಮೊದಲು ನ್ಯೂಜೆರ್ಸಿಯ ಬಯೋನ್‌ನಿಂದ ಹಳದಿ ಕೋಟು ಹಾಕಿಕೊಂಡು ಬ್ರಿಜ್‌ಮೆನ್ ಬರುತ್ತಿದ್ದರು. ಆಗ ಮೈಕೇ ಇರಲಿಲ್ಲ. ವೇಷ, ನಡಿಗೆ, ಬೀಳುವುದು, ಏಳುವುದು, ಅಷ್ಟರಲ್ಲೇ ಜನರನ್ನು ನಗಿಸುತ್ತಿದ್ದರು. ಅವರ ಹಳೇ ವಿಡಿಯೋ ನೋಡಿ ನಾನು ಕಲಿತದ್ದು ಇಷ್ಟೇ: ಕೆಲಸ ಮೈಯೇ ಮಾಡಬೇಕು, ಮೈಕ್ ಬರೀ ಕಡ್ಡಿ ಗೀರಬೇಕು.

ಇದು ಅರ್ಥವಾಗೋಕೆ ನಮಗೆ ಒಂದಿಡೀ ಬೇಸಿಗೆ ಹಿಡಿಯಿತು. ದುಡ್ಡೂ ಹಿಡಿಯಿತು.

ನಮ್ಮ ಶೋ ಏರ್‌ಪೋರ್ಟ್ ಮೇಲೆ. ವಿಮಾನ ಲೇಟು. ಕೋರ್‌ನ ಮಕ್ಕಳೆಲ್ಲ ಪ್ರಯಾಣಿಕರು, ಕಾಂಟ್ರಾ ಅನ್ನೋ ದೊಡ್ಡ ಬ್ರಾಸ್ ವಾದ್ಯ ಒಂದು ಕಳೆದುಹೋದ ಲಗೇಜು, ಒಬ್ಬಳು ಅನೌನ್ಸರ್. ಊರಿನ ಇಂಗ್ಲಿಷ್ ನಾಟಕ ತಂಡದವರೊಬ್ಬರು ಮಾತು ಬರೆದುಕೊಟ್ಟರು. ನಾಲ್ಕುನೂರು ಪದದ ಹತ್ತಿರ ಇತ್ತು. ಫೆಬ್ರವರಿ ಕ್ಯಾಂಪಿನಲ್ಲಿ ಊಟದ ಹೊತ್ತಿಗೆ ಓದಿದಾಗ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಜೂನ್‌ನಲ್ಲಿ ಮೈದಾನಕ್ಕೆ ಬಂತು. ಒಬ್ಬರೂ ನಗಲಿಲ್ಲ. ಶೋ ಮುಗಿದ ಮೇಲೆ ಮಗಳು ಬಂದು, "ಅಪ್ಪಾ, ಜೋಕ್ ಕೇಳಿಸ್ತಾನೇ ಇಲ್ಲ. ಯಾರೋ ಬೈತಿದಾರೆ ಅನ್ಸುತ್ತೆ" ಅಂದಳು. ಕುಳಿತು ಕೇಳಿದೆ. ನಿಜವೇ. ಎದುರಿನ ಪ್ರೆಸ್ ಬಾಕ್ಸ್ ಗಾಜಿಗೆ ಮಾತು ಬಡಿದು ವಾಪಸ್ ಬರುತ್ತಿತ್ತು, ಹಿಂದೆ ನಲವತ್ತು ಬ್ರಾಸ್ ಊದುತ್ತಿತ್ತು.

ಹಾಗಾದರೆ ವಾಲ್ಯೂಮ್ ಏರಿಸಿ ಅಂದರು. ಏರಿಸಿದೆ. ಬೈಗುಳ ಇನ್ನೂ ಜೋರಾಯಿತು ಅಷ್ಟೆ.

ಆಮೇಲೆ ಸಿಂತ್ ಹುಡುಗನ ಐಡಿಯಾ. ಮಾತನ್ನು ಮೊದಲೇ ರೆಕಾರ್ಡ್ ಮಾಡಿ ಪ್ಯಾಡ್ ಒತ್ತಿದಾಗ ಬರುವ ಹಾಗೆ ಮಾಡೋಣ ಅಂದ. ದನಿ ಶುದ್ಧವಾಗಿ ಬಂತು. ಆದರೆ ಚಿಕ್ಕ ಊರಿನಲ್ಲಿ ಐದಾರುನೂರು ಜನ ನಗುವುದಕ್ಕೂ ದೊಡ್ಡ ರೀಜನಲ್ ಸ್ಪರ್ಧೆಯಲ್ಲಿ ಸಾವಿರಾರು ಜನ ನಗುವುದಕ್ಕೂ ಹಿಡಿಯುವ ಹೊತ್ತೇ ಬೇರೆ. ದೊಡ್ಡ ಕಡೆ ಮೊದಲನೇ ಜೋಕಿನ ನಗು ಎರಡನೇ ಜೋಕನ್ನು ನುಂಗಿತು. ಚಿಕ್ಕ ಕಡೆ ನಗು ಬರದೇ ಹೋದಾಗ ರೆಕಾರ್ಡಿಂಗ್ ಪಾಪ ಸುಮ್ನೆ ಮುಂದುವರಿಯಿತು. ಅದನ್ನು ನಿಂತು ನೋಡುವುದಿದೆಯಲ್ಲ, ಶತ್ರುವಿಗೂ ಬೇಡ. ಮಾತು ಲೈವ್ ಆಗಿರಬೇಕು, ಹೇಳುವವಳು ಮೈದಾನದಲ್ಲೇ ಇರಬೇಕು ಅಂತ ಅವತ್ತೇ ತೀರ್ಮಾನ ಆಯಿತು. ಬಾವುಟ ಬೀಸಿ ಕುಣಿಯುವ ಕಲರ್ ಗಾರ್ಡ್‌ನ ಹುಡುಗಿಯೊಬ್ಬಳು ಸಿಕ್ಕಳು. ಹತ್ತೊಂಬತ್ತು ವಯಸ್ಸು, ಗಂಟಲು ಸಣ್ಣದು, ಟೈಮಿಂಗ್ ಮಾತ್ರ ಹುಟ್ಟಿನಿಂದ ಬಂದದ್ದು.

ಈಗ ವೈರ್‌ಲೆಸ್ ಪುರಾಣ. ಕೋರ್ ಹತ್ತಿರ ಹಳೇ ಸೆಟ್ ಒಂದಿತ್ತು, 600 ಮೆಗಾಹರ್ಟ್ಸ್‌ನದು. ಆ ಫ್ರೀಕ್ವೆನ್ಸಿ ಬ್ಯಾಂಡಿನ ಬಹುಪಾಲು ಮೊಬೈಲ್ ಕಂಪನಿಗಳಿಗೆ ಹರಾಜಾಗಿ, 2020ರ ಜುಲೈನಿಂದ ಅಮೆರಿಕದಲ್ಲಿ ಮೈಕ್‌ಗೆ ಬಳಸುವಂತಿಲ್ಲ. ಅಂದರೆ ಅದು ಪೇಪರ್ ವೇಟ್. ಬೋರ್ಡ್ 2,000 ಡಾಲರ್ ಕೊಟ್ಟಿತ್ತು, ಅದರಲ್ಲಿ ಸುಮಾರು 300ಕ್ಕೆ 2.4 ಗಿಗಾಹರ್ಟ್ಸ್‌ನ ಡಿಜಿಟಲ್ ಸೆಟ್ ಬಂತು. ರಿಹರ್ಸಲ್ ಮೈದಾನದಲ್ಲಿ ಎರಡು ವಾರ ಒಂದು ಚೂರೂ ತಕರಾರಿಲ್ಲ. ಆ ಸೆಟ್ ಒಯ್ದ ಮೊದಲ ಸ್ಪರ್ಧೆಯಲ್ಲಿ ಜನ ತುಂಬಿದರು, ಎಲ್ಲರ ಜೇಬಿನಲ್ಲೂ ಫೋನು, ಸ್ಟೇಡಿಯಂಗೇ ವೈಫೈ ಬೇರೆ. ಮಾತು ಅರ್ಧರ್ಧ ಕಟ್ಟಾಗತೊಡಗಿತು. ಖಾಲಿ ಮೈದಾನದ ಪರೀಕ್ಷೆಯನ್ನು ಯಾವತ್ತೂ ನಂಬಬೇಡಿ.

ಕೊನೆಗೆ 500 ಮೆಗಾಹರ್ಟ್ಸ್ ಆಸುಪಾಸಿನ ಯುಎಚ್‌ಎಫ್ ಸೆಟ್ ಸೆಕೆಂಡ್ ಹ್ಯಾಂಡ್ ಸಿಕ್ಕಿತು. 1,100 ಡಾಲರ್ ಇರಬೇಕು. ಪ್ಯಾಡಲ್ ಆಂಟೆನಾ ಜೋಡಿಗೆ ಇನ್ನೊಂದು 250. ಆಂಟೆನಾವನ್ನು ಸ್ಪೀಕರ್ ಕಂಬದ ಮೇಲೆ, ಮಕ್ಕಳ ತಲೆಗಿಂತ ಎತ್ತರಕ್ಕೆ ಕಟ್ಟಿದೆ. ನೀರು ತುಂಬಿದ ಮೈಗಳು ಸಿಗ್ನಲ್ ಕುಡಿಯುತ್ತವೆ ಅಲ್ವಾ, ಅದಕ್ಕೆ. ಊರಿಂದ ಊರಿಗೆ ಟಿವಿ ಚಾನೆಲ್‌ಗಳು ಬೇರೆಯಾದ್ದರಿಂದ ಬಸ್ಸಿನಲ್ಲೇ ಕೂತು ಮುಂದಿನ ಊರಿನ ಖಾಲಿ ಫ್ರೀಕ್ವೆನ್ಸಿ ನೋಡಿಕೊಳ್ಳುತ್ತಿದ್ದೆ. ಆ ಮೇಲೆ ಡ್ರಾಪ್ ಆಗಿದ್ದು ನೆನಪಿಲ್ಲ.

ಹೆಡ್‌ಸೆಟ್ ಮೈಕ್‌ಗಳನ್ನು ಬೆವರು ತಿಂದುಹಾಕಿತು. ಒಂದೊಂದಕ್ಕೆ 60 ಡಾಲರ್, ಮೂರೋ ನಾಲ್ಕೋ ಹೋದವು. ಟ್ರಾನ್ಸ್‌ಮಿಟರನ್ನು ಬೆವರಿನಿಂದ ಕಾಪಾಡೋಕೆ ವೃತ್ತಿ ನಾಟಕದವರು ಡ್ರಗ್ ಸ್ಟೋರಿನಿಂದ ಏನು ತರುತ್ತಾರೆ ಅಂತ ಗೊತ್ತಿದ್ದವರಿಗೆ ಗೊತ್ತು. ಬಿಲ್ಲು ನೋಡಿ ನಮ್ಮ ಮನೆಯವಳು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಬರೆಯಲ್ಲ.

ಇನ್ನೊಂದು ತಲೆನೋವು ಕರೆಂಟು. ಒಂದು ಸ್ಟೇಡಿಯಂನಲ್ಲಿ ನಮಗೆ ಕೊಟ್ಟ ಪ್ಲಗ್ಗೂ ಪಾಪ್‌ಕಾರ್ನ್ ಮೆಷಿನ್ನಿನ ಪ್ಲಗ್ಗೂ ಒಂದೇ ಲೈನು. ಸಬ್‌ವೂಫರ್ ಗುಡುಗಿದ ಕೂಡಲೇ ಬ್ರೇಕರ್ ಬಿತ್ತು. ಪಾಪ್‌ಕಾರ್ನ್ ತರೋಕೆ ಹೋದವರಿಗೂ ಅವತ್ತು ಪಾಪ್‌ಕಾರ್ನ್ ಸಿಗಲಿಲ್ಲ ಅನ್ನೋದೊಂದೇ ಸಮಾಧಾನ. ಮಿಕ್ಸರ್ ರೀಸ್ಟಾರ್ಟ್ ಆಗುವಷ್ಟರಲ್ಲಿ ಮೊದಲ ಹಾಡು ಮುಗಿದಿತ್ತು. ಅಂದಿನಿಂದ ಮಿಕ್ಸರ್, ರಿಸೀವರ್ ಎರಡೂ ಯುಪಿಎಸ್ ಮೇಲೆ. 150 ಡಾಲರ್. ಗಾಡಿಯನ್ನು ಬಸ್ ಪಕ್ಕದಲ್ಲೇ ಆನ್ ಮಾಡಿಕೊಂಡು, ಆನ್ ಇದ್ದ ಹಾಗೇ ಮೈದಾನಕ್ಕೆ ತಳ್ಳಿಕೊಂಡು ಹೋಗುತ್ತೇವೆ. ನಾನು ಮಾಡಿದ ಖರ್ಚಿನಲ್ಲೆಲ್ಲ ಬುದ್ಧಿವಂತ ಖರ್ಚು ಇದೇ.

ಇಷ್ಟಾದರೂ ಜನ ನಗುತ್ತಿರಲಿಲ್ಲ. ಮಾತು ಕೇಳಿಸುತ್ತಿತ್ತು, ನಗು ಬರುತ್ತಿರಲಿಲ್ಲ.

ದಾರಿ ತೋರಿಸಿದ್ದು 30 ಡಾಲರಿನ ಒಂದು ಮೆಗಾಫೋನು. ಒಂದು ವಿಭಾಗದ ಮುಖ್ಯಸ್ಥರು, ಅಂದರೆ ಕ್ಯಾಪ್ಷನ್ ಹೆಡ್ ಒಬ್ಬರು, ಮಕ್ಕಳನ್ನು ಸಾಲಿಗೆ ಕರೆಯುತ್ತಿದ್ದರು. ಮೈದಾನದ ಆ ತುದಿಯಿಂದ, ಡ್ರಮ್‌ಲೈನ್ ಬಾರಿಸುತ್ತಿದ್ದರೂ, ಒಂದೊಂದು ಪದವೂ ಕಿವಿಗೆ ಬೀಳುತ್ತಿತ್ತು. ನಾನು ಇಲ್ಲಿ ಸಾವಿರ ಸಾವಿರ ಸುರಿದು 'ಒಳ್ಳೇ' ದನಿ ಮಾಡುತ್ತಿದ್ದೆ. ಬೇಕಾಗಿದ್ದದ್ದು ಕೆಟ್ಟ ದನಿ! ಏರ್‌ಪೋರ್ಟ್ ಸ್ಪೀಕರ್ ದನಿ. ಕೆಳಗೆ 400 ಹರ್ಟ್ಸ್ ಆಚೀಚೆ ಕತ್ತರಿಸಿದೆ, ಮೇಲೆ ಮೂರೂವರೆ ಸಾವಿರದಲ್ಲಿ ಕತ್ತರಿಸಿದೆ. ಕಂಪ್ರೆಸರ್ ಕುತ್ತಿಗೆ ಹಿಸುಕುವಷ್ಟು. ಲೆವೆಲ್ ಇಳಿಸಿದರೂ ಮಾತು ಸೀಳಿಕೊಂಡು ಬಂತು. ಮಾತು ಬಂದಾಗ ಸಿಂತ್ ತಾನಾಗೇ ಒಂದು ಆರು ಡೆಸಿಬಲ್ ಕೆಳಗಿಳಿಯುವ ಹಾಗೆ ಕಟ್ಟಿದೆ. ಮಧ್ಯದಲ್ಲಿ ಇನ್ನೊಂದು ಸಣ್ಣ ಪೆಟ್ಟಿಗೆ ಇದೆ. ಅದು ಯಾವುದು ಅಂತ ಹೇಳಲ್ಲ, ಅದನ್ನು ಹುಡುಕೋಕೆ ನಾನು ಪಟ್ಟ ಪಾಡು ನೀವೂ ಸ್ವಲ್ಪ ಪಡಿ.

ಜೊತೆಗೆ ನಾಲ್ಕುನೂರು ಪದ ಅರವತ್ತಕ್ಕೆ ಇಳಿಯಿತು. ಬರೆದವರು ಒಂದು ವಾರ ನನ್ನ ಜೊತೆ ಮಾತು ಬಿಟ್ಟಿದ್ದರು. ಮೊದಲನೇ ಅನೌನ್ಸ್‌ಮೆಂಟ್ ಯಾರಿಗೂ ಅರ್ಥವಾಗಲೇಬಾರದು ಅಂತ ಮಾಡಿದೆವು. ಬರೀ ಗೊರಗೊರ. ಆಮೇಲೆ ಎರಡು ಎಣಿಕೆ ಮೌನ. ಆಮೇಲೆ ಎಂಬತ್ತು ಮಕ್ಕಳೂ ಒಟ್ಟಿಗೆ ಕತ್ತು ಮುಂದೆ ಮಾಡಿ ಕಿವಿಗೆ ಕೈ ಹಿಡಿಯುತ್ತಾರೆ. ಮೊದಲ ದಿನವೇ ಜನ ಬಿದ್ದೂ ಬಿದ್ದೂ ನಕ್ಕರು. ಇಷ್ಟು ದಿನ ನಮ್ಮ ಶತ್ರುವಾಗಿದ್ದ ಕೇಳಿಸದ ಮಾತೇ ನಮ್ಮ ಮೊದಲ ಜೋಕ್ ಆಯಿತು.

ನಗು ಬಂದ ಮೇಲೆ ಅದಕ್ಕೆ ಜಾಗ ಕೊಡಬೇಕು. ಇದಕ್ಕೇ ಜಾಸ್ತಿ ಜಗಳ ಆಗಿದ್ದು. ಜೋಕ್ ಆದ ಕಡೆಯೆಲ್ಲ ಎರಡು ಬಾರ್‌ನ ಒಂದು ಸುತ್ತು ಇಡೋಣ, ಬಾಸ್ ಡ್ರಮ್ ಮತ್ತು ಮರಿಂಬಾ ಅದನ್ನೇ ತಿರುಗಿಸುತ್ತಿರಲಿ, ನಗು ಇಳಿಯುತ್ತಿದ್ದ ಹಾಗೆ ಎದುರು ನಿಂತು ತಾಳ ಕೊಡುವ ಡ್ರಮ್ ಮೇಜರ್ ಕೈ ತೋರಿಸಲಿ ಅಂದೆ. ಯಕ್ಷಗಾನ ನೋಡಿ ಬೆಳೆದವನು ನಾನು. ಹಾಸ್ಯಗಾರ ಮಾತಿಗೆ ನಿಂತಾಗ ಚೆಂಡೆ ಸುಮ್ಮನಿರುತ್ತದೆ. ಡ್ರಿಲ್ ಬರೆಯುವವರು ಒಪ್ಪಲಿಲ್ಲ. ಮಕ್ಕಳು ನಿಂತರೆ ವಿಷುವಲ್ ಅಂಕ ಹೋಗುತ್ತದೆ ಅಂದರು. ವಿಷುವಲ್‌ಗೆ 30, ಮ್ಯೂಸಿಕ್‌ಗೆ 30, ಜನರಲ್ ಎಫೆಕ್ಟ್‌ಗೆ (ಒಟ್ಟಾರೆ ಪರಿಣಾಮಕ್ಕೆ) 40, ನಗು ಯಾವ ಖಾತೆಗೆ ಬರುತ್ತೆ ನೀವೇ ಹೇಳಿ ಅಂದೆ. ಕೊನೆಗೆ ಆ ಸುತ್ತಿನಲ್ಲಿ ಮಕ್ಕಳು ನಿಲ್ಲದೆ ವಾಚು ನೋಡುವುದು, ಲಗೇಜಿನ ಮೇಲೆ ಕೂರುವುದು, ಪಕ್ಕದವರ ಹೆಗಲ ಮೇಲೆ ತೂಕಡಿಸುವುದು ಅಂತ ಅವರೇ ಬರೆದರು. ನನ್ನ ಐಡಿಯಾಗಿಂತ ಅದೇ ಚೆನ್ನಾಗಿತ್ತು, ಒಪ್ಪುತ್ತೇನೆ. ಎಷ್ಟು ಸುತ್ತು ಅನ್ನೋದನ್ನು ಡ್ರಮ್ ಮೇಜರ್ ಹೇಗೆ ಊಹಿಸುತ್ತಾಳೆ ಅನ್ನೋದಕ್ಕೆ ಒಂದು ಗುಟ್ಟಿದೆ. ಅದು ಅವಳದ್ದು, ನಾನು ಹೇಳೋ ಹಾಗಿಲ್ಲ.

ಅನೌನ್ಸರ್ ಹುಡುಗಿಗೆ ಇನ್ನೊಂದು ಕಷ್ಟ ಇತ್ತು. ಅವಳ ಮಾತು ಎದುರಿನ ಸ್ಟ್ಯಾಂಡಿಗೆ ಬಡಿದು ಅವಳ ಕಿವಿಗೇ ವಾಪಸ್ ಬರುತ್ತಿತ್ತು. ಹೋಗಿಬರುವ ದಾರಿ ನೂರು ಮೀಟರ್ ಅಂದರೆ ಕಾಲು ಸೆಕೆಂಡಿಗಿಂತ ಜಾಸ್ತಿ ತಡ. ಮನುಷ್ಯನಿಗೆ ತನ್ನ ಮಾತು ಹಾಗೆ ತಡವಾಗಿ ಕೇಳಿಸಿದರೆ ನಾಲಿಗೆ ತಾನಾಗೇ ಎಳೆಯೋಕೆ ಶುರುಮಾಡುತ್ತದೆ. ಅವಳು ಎಳೆಯುವ ಸೂಟ್‌ಕೇಸಿನೊಳಗೆ ಒಂದು ಬ್ಯಾಟರಿ ಸ್ಪೀಕರ್ ಇಟ್ಟು ನೋಡಿದೆ. ಕುಯ್ಯೋ ಅಂತ ಕೂಗಿತು. ಎದುರು ಸಾಲಿನ ಅಜ್ಜಿಯೊಬ್ಬರು ಹಿಯರಿಂಗ್ ಏಡ್ ಕಿತ್ತು ಬ್ಯಾಗಿಗೆ ಹಾಕಿಕೊಂಡರು. ಕೊನೆಗೆ 200 ಡಾಲರಿನ ಇನ್-ಇಯರ್, ಒಂದೇ ಕಿವಿಗೆ. ಇನ್ನೊಂದು ಕಿವಿ ಜನರಿಗೆ. ಜನ ನಗುವುದು ಕೇಳಿಸದೇ ಹೋದರೆ ಅವಳು ಕಾಯುವುದು ಹೇಗೆ?

ಮಧ್ಯದಲ್ಲಿ ನನ್ನದೊಂದು ಹುಚ್ಚು ಪ್ರಯೋಗ. ಗೊರಗೊರ ಅನೌನ್ಸ್‌ಮೆಂಟಿನ ನಡುವೆ ಒಂದು ಕಡೆ "ಪ್ರಯಾಣಿಕರ ಗಮನಕ್ಕೆ" ಅಂತ ಸೇರಿಸೋಕೆ ಆ ಹುಡುಗಿಗೆ ಹೇಳಿಕೊಟ್ಟೆ. ನಮ್ಮ ರೈಲ್ವೆ ಸ್ಟೇಷನ್ ರಾಗದಲ್ಲೇ. ಎರಡು ದಿನದಲ್ಲಿ ಕಲಿತಳು, ಮಗಳಿಗಿಂತ ಚೆನ್ನಾಗಿ. ಇಂಡಿಯಾನಾದ ಒಂದು ಶೋನಲ್ಲಿ ಎಲ್ಲರೂ ಸುಮ್ಮನಿದ್ದಾಗ ಮೇಲಿನ ಸಾಲಿನ ಒಂದೇ ಒಂದು ಕುಟುಂಬ ಕಿರುಚಿಕೊಂಡು ನಕ್ಕಿತು. ಶೋ ಆದ ಮೇಲೆ ಹುಡುಕಿಕೊಂಡು ಬಂದರು. ದಾವಣಗೆರೆಯವರು. ಅಂಕ ಒಂದೂ ಬರಲಿಲ್ಲ, ಚಕ್ಕುಲಿ ಬಂತು.

ಊರಿನ ಹೆಸರು ಸೇರಿಸುವುದು ಮಾತ್ರ ಎಲ್ಲ ಕಡೆ ಕೆಲಸ ಮಾಡಿತು. ಪ್ರತಿ ಊರಿನಲ್ಲೂ ಅಲ್ಲಿನ ರಸ್ತೆ ರಿಪೇರಿಯನ್ನೋ, ಅಲ್ಲಿನ ಹೈಸ್ಕೂಲ್ ಫುಟ್‌ಬಾಲ್ ಟೀಮನ್ನೋ ಒಂದು ಸಾಲಿನಲ್ಲಿ ತರುತ್ತಿದ್ದೆವು. ಮಧ್ಯಾಹ್ನ ಊಟ ಬಡಿಸುವ ಸ್ಥಳೀಯ ವಾಲಂಟಿಯರ್‌ಗಳನ್ನು ಕೇಳಿದರೆ ಹತ್ತು ನಿಮಿಷದಲ್ಲಿ ಸಾಮಗ್ರಿ ಸಿಗುತ್ತದೆ. ಇದರಿಂದ ಇನ್ನೊಂದು ಲಾಭ: ಸೀಸನ್ನಿನಲ್ಲಿ ನಮ್ಮನ್ನು ಮತ್ತೆ ನೋಡುವ ಜಡ್ಜ್‌ಗೆ ಹೊಸದೊಂದು ಸಾಲು ಕಾಯುತ್ತಿರುತ್ತದೆ. ಜೂನ್‌ನಲ್ಲಿ "ಇವರು ಯಾಕೆ ಮಾತಾಡುತ್ತಿದ್ದಾರೆ ಗೊತ್ತಾಗುತ್ತಿಲ್ಲ" ಅಂದಿದ್ದ ಜಡ್ಜೇ ಆಗಸ್ಟ್‌ನಲ್ಲಿ ನಕ್ಕದ್ದು.

ಒಟ್ಟು ಖರ್ಚು 3,000 ದಾಟಿತು. ಬೋರ್ಡ್ ಕೊಟ್ಟದ್ದು ಬಿಟ್ಟರೆ ಉಳಿದದ್ದು ನನ್ನ ಜೇಬಿನಿಂದ. ಮನೆಯಲ್ಲಿ ಡಿಶ್‌ವಾಷರ್ ಕೆಟ್ಟು ಇನ್ನೂ ಹಾಗೇ ಕೂತಿದೆ. ಮುಂದಿನ ವರ್ಷಕ್ಕೆ ಬೋರ್ಡಿನವರು ಮಾತು ಇನ್ನಷ್ಟು ಇರಲಿ, ಮುನ್ನೂರು ಪದ ಮಾಡೋಣ ಅನ್ನುತ್ತಿದ್ದಾರೆ. ಆಗಲ್ಲ ಅಂದಿದ್ದೇನೆ.

ಆ 2.4ರ ಸೆಟ್ಟು ಗರಾಜಿನಲ್ಲಿದೆ. ಕನ್ನಡ ಕೂಟದ ಚಿಕ್ಕ ಹಾಲ್‌ಗೆ ಧಾರಾಳವಾಗಿ ಸಾಕು, ಐವತ್ತು ಜನರ ಫೋನಿದ್ದರೂ ತಡೆದುಕೊಳ್ಳುತ್ತೆ. ಬೇಕಾದವರು 80 ಡಾಲರ್ ಕೊಟ್ಟು ಒಯ್ಯಬಹುದು. ಬ್ಯಾಟರಿ ನಿಮ್ಮದೇ.