ಸಂಬಳ ಬಿಟ್ಟು ಬಾಡಿಗೆ ಕೇಳಿದೆ: ಹನೋಯ್‌ನಲ್ಲಿ ನನ್ನ ಅನುಭವ

ಭಾರತದ ಪಾಸ್‌ಪೋರ್ಟ್ ಹಿಡಿದು ವಿಯೆಟ್ನಾಮಿಗೆ ಇಂಗ್ಲಿಷ್ ಕಲಿಸಲು ಹೋದವರು ಕೊಟ್ಟಷ್ಟು ತೆಗೆದುಕೊಂಡು ಸುಮ್ಮನಿರಬೇಕು, ಚೌಕಾಸಿಗೆ ಇಳಿದರೆ ಬಂದ ಕೆಲಸವೂ ಕೈತಪ್ಪುತ್ತದೆ ಎಂದು ನನಗಿಂತ ಮೊದಲು ಹೋಗಿದ್ದ ಮೂವರು ಹೇಳಿದ್ದರು. ಅವರಲ್ಲಿ ಇಬ್ಬರು ಈಗ ನನ್ನ ಕರಾರಿನ ಪ್ರತಿ ಕೇಳಿ ಕಳಿಸಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟೆಫಲ್ (ಇಂಗ್ಲಿಷ್ ಕಲಿಸುವ ತರಬೇತಿಯ ಪ್ರಮಾಣಪತ್ರ), ಪದವಿಯ ದೃಢೀಕರಣ, ರಾಯಭಾರ ಕಚೇರಿಯ ಮುದ್ರೆ ಇವನ್ನೆಲ್ಲ ಬಿಡುತ್ತೇನೆ. ಈ ದಾರಿ ಹಿಡಿದವರಿಗೆ ಅವು ಗೊತ್ತೇ ಇರುತ್ತವೆ. ಅಂಕಿಗಳು 2023ರ ಆಸುಪಾಸಿನವು, ನೆನಪಿನಿಂದ ಬರೆದವು. ಆಗ ಒಂದು ರೂಪಾಯಿಗೆ ಮುನ್ನೂರರ ಹತ್ತಿರ ಡಾಂಗ್ ಸಿಗುತ್ತಿತ್ತು.

ಮೊದಲ ಇಂಗ್ಲಿಷ್ ಕಲಿಕಾ ಕೇಂದ್ರದಲ್ಲಿ ಗಂಟೆಗೆ 3.8 ಲಕ್ಷ ಡಾಂಗ್ ಎಂದಾಗ ಹಿಂದೆಮುಂದೆ ನೋಡದೆ ಸಹಿ ಹಾಕಿದೆ. ವಾರಕ್ಕೆ 20 ಗಂಟೆ ಎಂದು ಬಾಯಲ್ಲಿ ಹೇಳಿದ್ದರು, ಕರಾರಿನಲ್ಲಿ ‘20 ಗಂಟೆಯವರೆಗೆ’ ಎಂದಿತ್ತು. ಆ ‘ವರೆಗೆ’ ನನ್ನನ್ನು ಮುಳುಗಿಸಿತು. 12 ಗಂಟೆ ದಾಟಿದ ವಾರಗಳೇ ಕಡಿಮೆ. ತರಗತಿ ರದ್ದಾದರೆ ದುಡ್ಡಿಲ್ಲ. ಅಲ್ಲಿನ ಹೊಸ ವರ್ಷದ ಟೆಟ್ ಹಬ್ಬಕ್ಕೆ ಎರಡು ವಾರ ಬಾಗಿಲು ಮುಚ್ಚಿದಾಗಲೂ ಇಲ್ಲ. ಮೇಲೆ ಆ ದೇಶದಲ್ಲಿ 183 ದಿನ ತುಂಬದವರು ಅನಿವಾಸಿಗಳು ಎಂದು ಶೇ 20ರಷ್ಟು ತೆರಿಗೆ ಮುರಿದುಕೊಂಡರು. ಅದು ಅಲ್ಲಿನ ಕಾನೂನೇ, ಆದರೆ ಸೇರುವಾಗ ಯಾರೂ ಬಾಯಿಬಿಡಲಿಲ್ಲ. ಮನೆಗೆ ಎರಡು ತಿಂಗಳ ಅಡ್ವಾನ್ಸ್ ಕೊಟ್ಟಿದ್ದೆ. ಐದನೇ ತಿಂಗಳಿಗೆ ಬಿಟ್ಟು ಹೊರಟಾಗ ಅಷ್ಟೂ ಹೋಯಿತು, ಸುಮಾರು 1.3 ಕೋಟಿ ಡಾಂಗ್.

ಎರಡನೆಯ ಕಡೆ ‘ಉಚಿತ ವಸತಿ’ ಎಂಬ ಮಾತಿಗೆ ಸೋತೆ. ಶಾಲೆಯಿಂದ 14 ಕಿಲೋಮೀಟರ್ ದೂರದ ಮನೆ, ಐವರು ಶಿಕ್ಷಕರು, ಒಂದೇ ಸ್ನಾನದ ಮನೆ. ಅದನ್ನೂ ಸಹಿಸಬಹುದಿತ್ತು. ಕೆಲಸ ಬಿಡುತ್ತೇನೆ ಎಂದ ದಿನವೇ ಮೂರು ದಿನದೊಳಗೆ ಕೋಣೆ ಖಾಲಿ ಮಾಡಲು ಹೇಳಿದರು. ಕೆಲಸ, ಸೂರು ಎರಡೂ ಒಟ್ಟಿಗೆ ಹೋಗುವ ಆ ಸ್ಥಿತಿ ಯಾರಿಗೂ ಬೇಡ. ನನ್ನ ಮೂಲ ಪದವಿ ಪತ್ರವೂ ಅವರ ಬೀರುವಿನಲ್ಲಿತ್ತು. ನೌಕರರ ಮೂಲ ದಾಖಲೆ ಇಟ್ಟುಕೊಳ್ಳುವುದನ್ನು ಅಲ್ಲಿನ ಕಾರ್ಮಿಕ ಸಂಹಿತೆ ನಿಷೇಧಿಸಿದೆ. 2021ರ ಜನವರಿಯಿಂದ ಜಾರಿಯಲ್ಲಿರುವ ಆ ಸಂಹಿತೆಯ 17ನೇ ವಿಧಿಯನ್ನು ಮುದ್ರಿಸಿ ಮೇಜಿನ ಮೇಲಿಟ್ಟಾಗ ಹತ್ತು ನಿಮಿಷದಲ್ಲಿ ಪತ್ರ ಕೈಗೆ ಬಂತು. ವಾದಕ್ಕಿಂತ ಕಾಗದಕ್ಕೆ ಬೆಲೆ ಹೆಚ್ಚು ಎಂದು ನನಗೆ ಹೊಳೆದದ್ದು ಅಲ್ಲಿ.

ಆದರೂ ಇನ್ನೊಂದು ತಪ್ಪು ಬಾಕಿ ಇತ್ತು. ಮೂರನೆಯ ಸಂದರ್ಶನದಲ್ಲಿ ‘ಇಂಗ್ಲಿಷ್ ಮಾತೃಭಾಷೆಯವರಿಗೆ ಇಷ್ಟು ಕೊಡುತ್ತೀರಿ, ನನಗೇಕೆ ಕಡಿಮೆ’ ಎಂದು ಕೇಳಿದೆ. ಪ್ರಶ್ನೆ ನ್ಯಾಯವಾದದ್ದೇ, ಇಂದಿಗೂ ಹಾಗೆಯೇ ನಂಬಿದ್ದೇನೆ. ಆದರೆ ಮಾತು ಅಲ್ಲಿಗೇ ನಿಂತಿತು, ಕರೆ ಮತ್ತೆ ಬರಲಿಲ್ಲ.

ನಾಲ್ಕನೆಯ ಸಲ ಮೇ ತಿಂಗಳನ್ನು ಆರಿಸಿಕೊಂಡೆ. ಜೂನ್‌ನಿಂದ ಬೇಸಿಗೆ ತರಗತಿಗಳು ತುಂಬುತ್ತವೆ, ಶಿಕ್ಷಕರಿಗಾಗಿ ಕೇಂದ್ರಗಳು ಪರದಾಡುತ್ತವೆ. ಕಾವ್ ಜಾಯ್ ಜಿಲ್ಲೆಯ ಒಂದು ಕೇಂದ್ರ ತಿಂಗಳಿಗೆ ಮೂರು ಕೋಟಿ ಡಾಂಗ್ ಸಂಬಳ, 80 ಲಕ್ಷ ವಸತಿ ಭತ್ಯೆ ಎಂದಿತು. ಸಂಬಳದ ಅಂಕಿಯನ್ನು ನಾನು ಮುಟ್ಟಲೇ ಇಲ್ಲ. ‘ಭತ್ಯೆ ನನ್ನ ಕೈಗೆ ಬೇಡ. ಮನೆಯ ಕರಾರು ಸಂಸ್ಥೆಯ ಹೆಸರಿನಲ್ಲಿ ಆಗಲಿ, ಬಾಡಿಗೆ ನೇರವಾಗಿ ಮಾಲೀಕರ ಖಾತೆಗೆ ಹೋಗಲಿ’ ಎಂದೆ.

ವ್ಯವಸ್ಥಾಪಕಿ ‘ನಾವು ಯಾರಿಗೂ ಹೀಗೆ ಮಾಡಿಲ್ಲ’ ಎಂದರು. ಪಕ್ಕದಲ್ಲಿದ್ದ ಲೆಕ್ಕಪತ್ರ ವಿಭಾಗದ ಮಹಿಳೆ ಮಾತ್ರ ತಲೆ ಎತ್ತಿ ನೋಡಿದರು. ಅವರನ್ನು ಆ ಮಾತುಕತೆಗೆ ಕೂರಿಸಿದ್ದು ಹೇಗೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ನನಗೆ ಇನ್ನೂ ಬೇಕಾಗುತ್ತದೆ. ಒಂದೇ ಹಾಳೆಯಲ್ಲಿ ಬರೆದು ತಂದಿದ್ದ ಲೆಕ್ಕವನ್ನು ಅವರ ಕಡೆ ತಿರುಗಿಸಿದೆ. ಕೈಗೆ ಕೊಟ್ಟ ಭತ್ಯೆ ಪೂರ್ತಿ ಸಂಬಳದಂತೆ ತೆರಿಗೆಗೆ ಸೇರುತ್ತದೆ. ಸಂಸ್ಥೆಯೇ ಕಟ್ಟಿದ ಬಾಡಿಗೆಯಾದರೆ ತೆರಿಗೆಗೆ ಒಳಪಡುವ ಉಳಿದ ಆದಾಯದ ಶೇ 15ರವರೆಗೆ ಮಾತ್ರ ಸೇರುತ್ತದೆ. ಮೂರು ಕೋಟಿಗೆ ಶೇ 15 ಎಂದರೆ 45 ಲಕ್ಷ, ಮಿಕ್ಕ 35 ಲಕ್ಷ ತೆರಿಗೆಯಿಂದ ಹೊರಗೆ. 1.1 ಕೋಟಿಯ ವೈಯಕ್ತಿಕ ವಿನಾಯಿತಿ ಕಳೆದ ಮೇಲೆ ನಾನು ಶೇ 20ರ ಹಂತದಲ್ಲಿದ್ದೆ. ತಿಂಗಳಿಗೆ ಏಳು ಲಕ್ಷ ಡಾಂಗ್ ಉಳಿಯಿತು, ಸಂಸ್ಥೆಗೆ ಒಂದು ಡಾಂಗ್ ಹೆಚ್ಚುವರಿ ಖರ್ಚಿಲ್ಲದೆ. ಲೆಕ್ಕದವರು ತಲೆಯಾಡಿಸಿದರು. ಅಲ್ಲಿಗೆ ಅರ್ಧ ಕೆಲಸ ಮುಗಿಯಿತು.

ಉಳಿದರ್ಧ ಮನೆಯೊಡತಿಯದು, ನಿಜವಾದ ಕಷ್ಟ ಅಲ್ಲೇ. ಸಂಸ್ಥೆಯ ಹೆಸರಿನ ಕರಾರು ಎಂದ ಕೂಡಲೇ ತೆರಿಗೆ ಇಲಾಖೆ ಬರುತ್ತದೆಂದು ಮಾಲೀಕರು ಹಿಂಜರಿಯುತ್ತಾರೆ. ಮೊದಲ ಎರಡು ಮನೆ ಹೀಗೇ ತಪ್ಪಿದವು. ಮೂರನೆಯ ಮನೆಯವರು 85 ಲಕ್ಷ ಹೇಳಿದರು. ವರ್ಷಕ್ಕೆ 10.2 ಕೋಟಿ ಆಯಿತು. ಬಾಡಿಗೆ ಆದಾಯ ವರ್ಷಕ್ಕೆ 10 ಕೋಟಿ ದಾಟದಿದ್ದರೆ ಆಗ ತೆರಿಗೆ ಇರಲಿಲ್ಲ, ಅವರು ಬಾಡಿಗೆಗೆ ಬಿಟ್ಟಿದ್ದದ್ದೂ ಅದೊಂದೇ ಮನೆ. 80 ಲಕ್ಷಕ್ಕೆ ಇಳಿಸಿದರೆ 9.6 ಕೋಟಿ, ಅವರು ತೆರಿಗೆಯ ಗೆರೆಯಿಂದ ಕೆಳಗೆ. ಮೊಬೈಲ್‌ನಲ್ಲಿ ಗುಣಿಸಿ ತೋರಿಸಿದೆ. ಆಕೆ ತಮ್ಮ ಮೊಬೈಲ್‌ನಲ್ಲಿ ಎರಡು ಸಲ ಗುಣಿಸಿ ನೋಡಿ, ಒಳಗೆ ಹೋಗಿ ಗಂಡನನ್ನು ಕರೆತಂದು, ಮೂರನೆಯ ಸಲ ಗುಣಿಸಿದರು. ಸಂಜೆಗೆ ಕರಾರಾಯಿತು. ಬಾಡಿಗೆ ಇಳಿಸಿದ್ದೂ ಮಾಲೀಕರಿಗೆ ನೆಮ್ಮದಿ ತಂದದ್ದೂ ಒಂದೇ ಲೆಕ್ಕ. ಇದನ್ನು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಮನೆ ಒಪ್ಪುವ ಮೊದಲು ಒಂದು ಪ್ರಯೋಗ ಮಾಡಿದ್ದೆ. ಒಂದು ರಾತ್ರಿ ಬಾಡಿಗೆ ಕೊಟ್ಟು ಅಲ್ಲೇ ಮಲಗಿದೆ. ಮಲಗುವ ಮುನ್ನ ವಿದ್ಯುತ್ ಮೀಟರಿನ ಫೋಟೊ, ಎ.ಸಿ. ಎಂಟು ಗಂಟೆ ಓಡಿಸಿ ಬೆಳಗ್ಗೆ ಇನ್ನೊಂದು. ಆರು ಯೂನಿಟ್ ಓಡಿತ್ತು. ಒಡತಿ ಯೂನಿಟ್‌ಗೆ 4,000 ಡಾಂಗ್ ಹೇಳಿದ್ದರು, ಸರ್ಕಾರಿ ದರಕ್ಕಿಂತ ಜಾಸ್ತಿ. ಬೇಸಿಗೆಯ ಬಿಲ್ ಎಷ್ಟಾದೀತು ಎಂದು ಅಂದಾಜು ತೋರಿಸಿದ ಮೇಲೆ 3,500ಕ್ಕೆ ಒಪ್ಪಿದರು. ಹಿಂದಿನ ಮನೆಯಲ್ಲಿ ನೀರಿನ ಮೀಟರಿಗೂ ಇದೇ ಪ್ರಯೋಗ ಮಾಡಿದ್ದೆ. ಅದರಿಂದ ಏನೂ ಹುಟ್ಟಲಿಲ್ಲ.

ಕೆಲಸದ ಕರಾರಿಗೆ ಮೂರು ಸಾಲು ಸೇರಿಸಿದೆ. ‘20 ಗಂಟೆಯವರೆಗೆ’ ಹೋಗಿ ‘ಕನಿಷ್ಠ 20 ಗಂಟೆಯ ವೇತನ’ ಬಂತು. ಮನೆಯ ಅಡ್ವಾನ್ಸ್ ಕೊಡುವ ಹೊಣೆ ಸಂಸ್ಥೆಯದೇ ಆಯಿತು. ಕೆಲಸ ಬಿಟ್ಟರೆ 30 ದಿನ ಮನೆಯಲ್ಲಿರಬಹುದು ಎಂಬುದು ಮೂರನೆಯದು. ನೋಟಿಸ್ ಅವಧಿಯೂ 30 ದಿನವೇ ಇದ್ದುದರಿಂದ ಜಗಳವಾಗಲಿಲ್ಲ. ಕೆಲಸದ ಪ್ರೊಬೇಷನ್ ಅವಧಿಯಲ್ಲಿ ಪೂರ್ತಿ ಸಂಬಳ ಕೇಳಿದ್ದೆ. ಅದು ಮಾತ್ರ ಸಿಗಲಿಲ್ಲ, ಕಾನೂನು ಹೇಳುವ ಕನಿಷ್ಠ ಶೇ 85ಕ್ಕೇ ನಿಂತರು.

ಮರುವರ್ಷ ಕರಾರು ನವೀಕರಿಸುವಾಗ ಅದೇ ವ್ಯವಸ್ಥಾಪಕಿ ಇನ್ನಿಬ್ಬರು ಶಿಕ್ಷಕರನ್ನು ನನ್ನ ಮೇಜಿಗೆ ಕಳಿಸಿದರು, ಮನೆಯ ಲೆಕ್ಕ ಹೇಳಿಕೊಡಿ ಎಂದು. ಹಾಳೆಯ ನಕಲು ಕೊಟ್ಟೆ. ಒಬ್ಬರು ಆ ವಾರವೇ ಮನೆ ಹಿಡಿದರು.