ಚೆಕ್‌ಪೋಸ್ಟಿನಲ್ಲಿ ನಗದು ಹಣ: ಕೇಳಿದಾಗ ಏನು ಹೇಳಬೇಕು, ಏನು ತೋರಿಸಬೇಕು?

ಚುನಾವಣೆ ಘೋಷಣೆಯಾದೊಡನೆ ಮಾದರಿ ನೀತಿ ಸಂಹಿತೆ ಜಾರಿಗೆ ಬರುತ್ತದೆ. ನಮ್ಮ ಕೊಡಗಿನ ಮಾಕುಟ್ಟ, ಕುಟ್ಟ, ಕರಿಕೆಯಂಥ ಕೇರಳ ಗಡಿಗಳಲ್ಲಿ ತಪಾಸಣೆ ಬಿಗಿಯಾಗುತ್ತದೆ. 2024ರ ಏಪ್ರಿಲ್ 26ರಂದು ನಾವು ಮತ ಹಾಕಿದಾಗ ಕರಿಮೆಣಸು ಮಾರಿ ಬಂದ ದುಡ್ಡು, ಕಾರ್ಮಿಕರ ಬಟವಾಡೆಯ ದುಡ್ಡು ಎರಡೂ ಓಡಾಡುವ ಕಾಲ. ನ್ಯಾಯವಾಗಿ ದುಡಿದವರು ಗಡಿಯಲ್ಲಿ ತಡವರಿಸುವುದನ್ನು ನೋಡಿದರೆ ಸಂಕಟವಾಗುತ್ತದೆ.

ಮೊದಲ ಕೆಲಸ ಮನೆಯಲ್ಲೇ ಆಗಬೇಕು. 50,000 ರೂಪಾಯಿ ಮೀರಿದ ನಗದಿಗೆ ಅಧಿಕಾರಿಗಳು ದಾಖಲೆ ಕೇಳುತ್ತಾರೆ. ಬ್ಯಾಂಕಿನಿಂದ ತೆಗೆದಿದ್ದರೆ ಪಾಸ್‌ಬುಕ್, ಮೆಣಸು ಮಾರಿದ್ದರೆ ವ್ಯಾಪಾರಿಯ ಬಿಲ್ಲು, ಬಟವಾಡೆಗಾದರೆ ತೋಟದ ಹಾಜರಿ ಪುಸ್ತಕ, ಮದುವೆಗಾದರೆ ಲಗ್ನಪತ್ರಿಕೆ. ಇವು ಗುರುತಿನ ಚೀಟಿಯ ಜೊತೆ ಹಣದ ಚೀಲದಲ್ಲೇ ಇರಲಿ. ಮಿತಿಯ ಭಯಕ್ಕೆ ಕಾರಿನಲ್ಲಿರುವವರ ಜೇಬುಗಳಿಗೆಲ್ಲ ಹಣ ಹಂಚಬೇಡಿ. ಅನುಮಾನ ಹುಟ್ಟುವುದೇ ಅಲ್ಲಿ.

ಗಾಡಿ ನಿಲ್ಲಿಸಿದಾಗ, ಹಣ ಇದೆಯೇ ಎಂದು ಕೇಳಿದರೆ ಮೊತ್ತವನ್ನು ನೀವೇ ಹೇಳಿ. ಮುಂದಿನ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ: ಯಾರ ಹಣ, ಎಲ್ಲಿಂದ ಬಂತು, ಎಲ್ಲಿಗೆ, ಯಾವುದಕ್ಕೆ? ನಮ್ಮ ನೆರೆಯ ಹಿರಿಯರೊಬ್ಬರು ಗಾಬರಿಯಲ್ಲಿ ಮೊದಲು "ತೋಟದ ಹಣ" ಎಂದರು, ಮರುಕ್ಷಣ "ಮಗಳಿಗೆ ಕೊಡುವುದು" ಎಂದರು. ಎರಡೂ ನಿಜವೇ. ಮೆಣಸು ಮಾರಿ ಮಗಳ ಮನೆ ಕಟ್ಟುವ ಖರ್ಚಿಗೆ ಒಯ್ಯುತ್ತಿದ್ದರು. ಅಧಿಕಾರಿಗೆ ಮಾತ್ರ ಅದು ಮಾತು ಬದಲಿಸಿದಂತೆ ಕೇಳಿಸಿತು. ಕೊನೆಗೆ ನೋಟಿನ ಕಟ್ಟಿನ ರಬ್ಬರ್ ಬ್ಯಾಂಡಿಗೆ ಸಿಕ್ಕಿಸಿದ್ದ, ನಾಲ್ಕು ಮಡಿಕೆಯಾಗಿದ್ದ ಬಿಲ್ಲು ಅವರನ್ನು ಉಳಿಸಿತು. ಹಣದ ಮೂಲವನ್ನೂ ಉದ್ದೇಶವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡಿ.

ತಪಾಸಣೆಯನ್ನು ವಿಡಿಯೊ ಮಾಡುತ್ತಾರೆ, ಅದು ನಿಮಗೂ ರಕ್ಷಣೆ. ಮಹಿಳೆಯರ ಕೈಚೀಲವನ್ನು ಮಹಿಳಾ ಅಧಿಕಾರಿಯೇ ನೋಡಬೇಕು. ಇಲ್ಲದಿದ್ದರೆ ಕರೆಸಲು ಕೇಳಿ, ಸಂಕೋಚ ಬೇಡ.

ಹಣ ವಶಪಡಿಸಿಕೊಂಡರೆ ಜಗಳಕ್ಕಿಳಿಯಬೇಡಿ. ನಿಮ್ಮೆದುರೇ ಎಣಿಸಲಿ. ಮಹಜರಿನಲ್ಲಿ (ಸ್ಥಳದಲ್ಲೇ ಬರೆಯುವ ಜಪ್ತಿ ಪತ್ರದಲ್ಲಿ) ಮೊತ್ತ ಸರಿಯಿದೆಯೇ ಎಂದು ಓದಿದ ಮೇಲೆಯೇ ಸಹಿ ಹಾಕಿ, ಪ್ರತಿ ಪಡೆಯಿರಿ. ಮೊತ್ತ 10 ಲಕ್ಷ ಮೀರಿದರೆ ಆದಾಯ ತೆರಿಗೆ ಇಲಾಖೆಗೆ ಮಾಹಿತಿ ಹೋಗುತ್ತದೆ.

ಆ ಪ್ರತಿ ಮತ್ತು ದಾಖಲೆಗಳೊಂದಿಗೆ ಮಡಿಕೇರಿಗೆ ಹೋಗಿ ಜಿಲ್ಲಾ ಕುಂದುಕೊರತೆ ಸಮಿತಿಗೆ ಮನವಿ ಕೊಡಿ. ಮೂವರು ಅಧಿಕಾರಿಗಳ ಈ ಸಮಿತಿ ಇರುವುದೇ ಇದಕ್ಕಾಗಿ. ಎಫ್‌ಐಆರ್ ಇಲ್ಲದಿದ್ದರೆ, ಅಭ್ಯರ್ಥಿಗೋ ಪಕ್ಷಕ್ಕೋ ನಂಟಿಲ್ಲದಿದ್ದರೆ, ಸಮಿತಿ ಹಣ ಬಿಡುಗಡೆಗೆ ಆದೇಶಿಸುತ್ತದೆ. ಎಫ್‌ಐಆರ್ ದಾಖಲಾಗದ ಪ್ರಕರಣವನ್ನು ಮತದಾನ ಮುಗಿದು 7 ದಿನಗಳಾಚೆಗೆ ಬಾಕಿ ಇಡುವಂತಿಲ್ಲ.