ಮಗುವಿನ ಮನಸ್ಸು ಕುಗ್ಗಿದಾಗ ಯಾರಿಗೆ ಕರೆ ಮಾಡಬೇಕು, ಎಲ್ಲಿಗೆ ಹೋಗಬೇಕು: ಉತ್ತರ ಕನ್ನಡದ ಮನೆಗಳಿಗೆ

ನಾನು ಶಿರಸಿಯಲ್ಲಿ ಪಿಯುಸಿ ಮಕ್ಕಳಿಗೆ ಪಾಠ ಮಾಡುತ್ತಿದ್ದಾಗ, ಸಿದ್ದಾಪುರದ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಮೂರು ವಾರ ಊಟದ ಡಬ್ಬಿಯ ಮುಚ್ಚಳ ತೆಗೆಯದೆ ಹಾಗೆಯೇ ಮನೆಗೆ ಒಯ್ಯುತ್ತಿದ್ದಳು. ನಾನು ಅದನ್ನು ಕಂಡಿದ್ದೆ. ಪರೀಕ್ಷೆ ಹತ್ತಿರ ಬಂತು, ಧೈರ್ಯ ತಂದುಕೋ ಎಂದಷ್ಟೇ ಹೇಳಿ ಮುಂದೆ ಹೋಗಿದ್ದೆ. ಕೇಳಬೇಕಾದದ್ದನ್ನು ಕೇಳಿದವರು ಅವಳ ತಾಯಿ. ಒಂದು ಸಂಜೆ ಅಡಿಕೆ ಸುಲಿಯುತ್ತ ಕುಳಿತು, "ಎಂತಾತೆ ಕೂಸೆ?" ಎಂದು ಒಮ್ಮೆ ಕೇಳಿ, ಉತ್ತರ ಬರುವವರೆಗೂ ಮೆಟ್ಟುಗತ್ತಿಯಿಂದ ಕಣ್ಣೆತ್ತದೆ ಕಾದರಂತೆ. ಬದುಕಿರುವುದೇ ಬೇಡ ಅನ್ನಿಸುತ್ತಿದೆ ಎಂದು ಹುಡುಗಿ ಹೇಳಿದ್ದು ಅರ್ಧ ಗಂಟೆಯ ಮೇಲೆ. ಆಮೇಲೆ ಒಬ್ಬರು ಬೆಂಗಳೂರು ಎಂದರು, ಇನ್ನೊಬ್ಬರು ಮಣಿಪಾಲ ಎಂದರು, ಮತ್ತೊಬ್ಬರು ಮೊದಲು ದೇವರ ಪ್ರಸಾದ ಕೇಳಿ ಎಂದರು; ಯಾವುದೂ ನಿಶ್ಚಯವಾಗದೆ ಒಂದು ವಾರ ಕಳೆದುಹೋಯಿತು. ಆ ವಾರ ಬೇರೆ ಮನೆಯಲ್ಲಿ ವ್ಯರ್ಥವಾಗಬಾರದೆಂದು ಇದನ್ನು ಬರೆಯುತ್ತಿದ್ದೇನೆ.

ಊಟ, ನಿದ್ದೆ, ಗೆಳೆಯರು, ಓದು ಇವುಗಳಲ್ಲಿ ಎರಡು ವಾರ ಕಳೆದರೂ ಸರಿಹೋಗದ ಬದಲಾವಣೆ ಕಂಡರೆ ಮಗುವನ್ನು ಏಕಾಂತದಲ್ಲಿ ಕೇಳಬೇಕು. ಸಾಯಬೇಕೆಂಬ ಯೋಚನೆ ಬರುತ್ತಿದೆಯೇ ಎಂದು ನೇರವಾಗಿಯೇ ಕೇಳಬಹುದು; ಹಾಗೆ ಕೇಳುವುದರಿಂದ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದು ಎಂದರೆ ಬೈಯುವುದು, ಆಣೆ ಹಾಕಿಸುವುದು, ಮನೆಯ ಮಾನದ ಮಾತೆತ್ತುವುದು ಬೇಡ. "ಹೇಳಿದ್ದು ಒಳ್ಳೆಯದಾಯಿತು, ಈಗಲೇ ಇಬ್ಬರೂ ಸೇರಿ ಫೋನ್ ಮಾಡೋಣ" ಎಂದರೆ ಸಾಕು.

ಆ ಫೋನ್ 14416ಕ್ಕೆ. ಇದು 2022ರ ಅಕ್ಟೋಬರ್ 10ರಂದು ಕೇಂದ್ರ ಸರ್ಕಾರ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ. ಕಿರುಸಂಖ್ಯೆ ಸಿಗದಿದ್ದರೆ 1800-891-4416ಕ್ಕೆ ಪ್ರಯತ್ನಿಸಬೇಕು. ದಿನದ 24 ಗಂಟೆಯೂ ಉಚಿತವಾಗಿರುವ ಈ ಸೇವೆಯಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ಮೊದಲು ತರಬೇತಿ ಪಡೆದ ಆಪ್ತಸಮಾಲೋಚಕರು ಮಾತನಾಡುತ್ತಾರೆ, ಅಗತ್ಯ ಕಂಡರೆ ಮನೋವೈದ್ಯರಿಗೆ ಸಂಪರ್ಕ ಕೊಡುತ್ತಾರೆ. ಮಗು ಮಾತನಾಡಲು ಒಪ್ಪದಿದ್ದರೆ ತಾಯಿ, ತಂದೆ, ಅಣ್ಣ ಅಥವಾ ಅಧ್ಯಾಪಕರೇ ಕರೆ ಮಾಡಿ, ನಾವೇನು ಮಾಡಬೇಕು ಎಂದು ಕೇಳಬಹುದು. ನಮ್ಮ ಘಟ್ಟದ ಹಳ್ಳಿಗಳಲ್ಲಿ ನೆಟ್‌ವರ್ಕ್ ಸಿಗುವುದು ಗುಡ್ಡದ ತುದಿಯಲ್ಲೋ ರಸ್ತೆಯ ತಿರುವಿನಲ್ಲೋ ಆಗಿರುವುದರಿಂದ, ರಾತ್ರಿ ಹೊತ್ತಿನಲ್ಲಿ ಯಾವ ಮನೆಯ ಸ್ಥಿರ ದೂರವಾಣಿ ಬಳಸಬಹುದು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಬೇಕು. 18 ವರ್ಷದೊಳಗಿನ ಮಗು ಹೊಡೆತ, ಕಿರುಕುಳ ಅಥವಾ ಲೈಂಗಿಕ ದೌರ್ಜನ್ಯದಿಂದ ನೊಂದಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬೇಕು.

ಮಗು ತನಗೆ ತಾನೇ ಹಾನಿ ಮಾಡಿಕೊಂಡಿದ್ದರೆ, ಅಥವಾ ಈಗಲೇ ಮಾಡಿಕೊಳ್ಳುವ ಸೂಚನೆ ಕಂಡರೆ, ಸಮಾಲೋಚನೆಗೆ ಕಾಯದೆ 108 ಅಥವಾ 112ಕ್ಕೆ ಕರೆ ಮಾಡಬೇಕು. ಮಗುವನ್ನು ಒಂದು ಕ್ಷಣವೂ ಒಂಟಿಯಾಗಿ ಬಿಡಬಾರದು. ದೂರದ ದೊಡ್ಡ ಆಸ್ಪತ್ರೆಯೇ ಬೇಕೆಂದು ಹುಬ್ಬಳ್ಳಿಗೋ ಮಂಗಳೂರಿಗೋ ವಾಹನ ತಿರುಗಿಸದೆ ಮೊದಲು ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಒಯ್ದು, ಅಲ್ಲಿಯ ವೈದ್ಯರು ಹೇಳಿದಂತೆ ಮುಂದುವರಿಯಬೇಕು. ತೋಟಕ್ಕೆ ತಂದ ಕೀಟನಾಶಕ, ಕಳೆನಾಶಕ, ಅಜ್ಜ ಅಜ್ಜಿಯರ ಮಾತ್ರೆಗಳು ಇವೆಲ್ಲವನ್ನೂ ಬೀಗ ಹಾಕಿ ಇಡುವುದು, ಸಾಧ್ಯವಾದರೆ ಕೆಲವು ತಿಂಗಳು ನೆಂಟರ ಮನೆಗೆ ಸಾಗಿಸುವುದು, ಜೀವ ಉಳಿಸಬಲ್ಲ ಕ್ರಮ. ದುಡುಕಿನ ಆ ಗಳಿಗೆ ಬಹಳ ಸಲ ಬೇಗನೆ ದಾಟಿಹೋಗುತ್ತದೆ. ಅಷ್ಟು ಹೊತ್ತು ಅಪಾಯದ ವಸ್ತು ಕೈಗೆ ಸಿಗಬಾರದು.

ಪೊಲೀಸ್ ಕೇಸಾಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಒಯ್ಯಲು ಹಿಂಜರಿಯುವವರನ್ನು ನಾನು ಕಂಡಿದ್ದೇನೆ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ನಿಜ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಕಲಮಿನ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಶಿಕ್ಷೆ ಕೊಡುವಂತಿಲ್ಲ, ಸರ್ಕಾರವೇ ಅವರ ಆರೈಕೆಗೆ ವ್ಯವಸ್ಥೆ ಮಾಡಬೇಕು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮಹತ್ಯೆಯ ಯತ್ನವನ್ನು ಅಪರಾಧವೆನ್ನುತ್ತಿದ್ದ ಹಳೆಯ ದಂಡ ಸಂಹಿತೆಯ 309ನೇ ಕಲಮು ಉಳಿದಿಲ್ಲ. ಚಿಕಿತ್ಸೆಯ ವಿವರವನ್ನು ಗೋಪ್ಯವಾಗಿ ಇಡಬೇಕೆಂದು ಅದೇ 2017ರ ಕಾಯ್ದೆ ಹೇಳುವುದರಿಂದ, ಮದುವೆ, ನೌಕರಿ ಎಂದು ಹೆದರಿ ಚಿಕಿತ್ಸೆ ತಪ್ಪಿಸುವ ಕಾರಣವೂ ಇಲ್ಲ.

ಮುಂದಿನ ಚಿಕಿತ್ಸೆಗೆ ಕಾರವಾರ, ಅಂಕೋಲಾ ಕಡೆಯವರಿಗೆ ಕಾರವಾರ ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ ಜಿಲ್ಲಾ ಆಸ್ಪತ್ರೆಯ ಮನೋರೋಗ ವಿಭಾಗ ಹತ್ತಿರ. ಹಳಿಯಾಳ, ದಾಂಡೇಲಿ, ಯಲ್ಲಾಪುರ, ಮುಂಡಗೋಡದವರಿಗೆ ಧಾರವಾಡದ ಸರ್ಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಅನುಕೂಲ. ಭಟ್ಕಳದವರು ಮಣಿಪಾಲಕ್ಕೆ ಹೋಗುವುದು ರೂಢಿ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರದವರು ಅಷ್ಟು ದೂರ ಹೊರಡುವ ಮೊದಲು ತಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ವಿಚಾರಿಸಬೇಕು. ಊರಿನ ಆಶಾ ಕಾರ್ಯಕರ್ತೆಯನ್ನು ಕೇಳಿದರೆ ಈ ಮಾಹಿತಿಯನ್ನು ತಂದುಕೊಡುತ್ತಾರೆ. ಹೋಗುವಾಗ ಹಳೆಯ ಚೀಟಿಗಳು, ಈಗ ನುಂಗುತ್ತಿರುವ ಮಾತ್ರೆಗಳು, ಆಧಾರ್ ಮತ್ತು ಪಡಿತರ ಚೀಟಿ, ಜೊತೆಗೆ ನಿದ್ದೆ ಮತ್ತು ಊಟ ಎಂದಿನಿಂದ ಕೆಟ್ಟಿತು, ಮಗು ಆಡಿದ ಮಾತೇನು ಎಂಬುದನ್ನು ಬರೆದ ಒಂದು ಹಾಳೆ ಇರಲಿ. ವೈದ್ಯರ ಎದುರು ಕುಳಿತಾಗ ಅರ್ಧ ಮರೆತುಹೋಗುತ್ತದೆ. ಸ್ವಲ್ಪ ಹೊತ್ತು ಮಗು ಒಂಟಿಯಾಗಿ ವೈದ್ಯರೊಡನೆ ಮಾತನಾಡಲು ಬಿಟ್ಟು ಹೊರಗೆ ಬನ್ನಿ.

ಖಿನ್ನತೆಯ ಮಾತ್ರೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ, ಆ ಮೊದಲ ವಾರಗಳಲ್ಲಿ ಎಳೆಯರ ಮೇಲೆ ಹೆಚ್ಚಿನ ನಿಗಾ ಇರಬೇಕು, ಮತ್ತು ಚೆನ್ನಾಗಿದ್ದಾಳೆ ಎಂದು ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಹರಕೆ ಹೊತ್ತವರು ಹರಕೆ ತೀರಿಸಲಿ, ಮಾತ್ರೆಯೂ ನಡೆಯಲಿ.

ಕಾಲೇಜಿನವರನ್ನೂ ಕೇಳುವ ಹಕ್ಕಿದೆ. 2025ರ ಜುಲೈ 25ರಂದು ಸುಪ್ರೀಂ ಕೋರ್ಟ್ ನೀಡಿದ ಮಾರ್ಗಸೂಚಿಯಂತೆ, 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ಅರ್ಹ ಸಮಾಲೋಚಕರೊಬ್ಬರಾದರೂ ಇರಬೇಕು, ಸಹಾಯವಾಣಿಯ ಸಂಖ್ಯೆ ತರಗತಿಯಲ್ಲೂ ಹಾಸ್ಟೆಲಿನಲ್ಲೂ ಕಾಣುವಂತಿರಬೇಕು. ಪಾಲಕರ ಸಭೆಯಲ್ಲಿ ಇದನ್ನು ವಿಚಾರಿಸಿ. ಫಲಿತಾಂಶದ ದಿನ ಮನೆಯ ದೊಡ್ಡವರೊಬ್ಬರು ತೋಟದ ಕೆಲಸ ಬಿಟ್ಟು ಮಗುವಿನ ಬಳಿಯೇ ಇರಲಿ. ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯು ಎರಡಕ್ಕೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶ ಇದೆ ಎಂಬುದನ್ನು ಅಂಕ ನೋಡುವ ಮೊದಲೇ ಹೇಳಿರಲಿ.

ಮಳೆಗಾಲದ ವಿಷಯವೊಂದು ಉಳಿಯಿತು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ನಾವೆಲ್ಲ ಕಂಡವರು. ಆದ್ದರಿಂದ ಜೂನ್ ಹಿಡಿಯುವ ಮೊದಲು ಮುಂದಿನ ಭೇಟಿಯ ದಿನವನ್ನೂ, ರಸ್ತೆ ಕಡಿದರೆ ಫೋನಿನಲ್ಲಿ ಯಾರನ್ನು ಕೇಳಬೇಕೆಂಬುದನ್ನೂ ವೈದ್ಯರ ಬಳಿ ಗೊತ್ತು ಮಾಡಿಕೊಂಡು, ಮಳೆಗಾಲಕ್ಕೆ ಸಾಲುವಷ್ಟು ಮಾತ್ರೆ ತಂದಿಡಬೇಕು. ಆ ಮಾತ್ರೆಗಳ ಡಬ್ಬಿ ಮಗುವಿನ ಕೋಣೆಯಲ್ಲಿ ಇರಬಾರದು. ಹಿರಿಯರೊಬ್ಬರು ತಮ್ಮ ಕಪಾಟಿನಲ್ಲಿ ಬೀಗ ಹಾಕಿಟ್ಟು, ಅಂದಂದಿನದನ್ನು ಅಂದಂದೇ ಕೈಗೆ ಕೊಡಬೇಕು.